ಸಣ್ಣ ಹಿಡುವಳಿಗೆ ದೊಡ್ಡ ಟ್ರ್ಯಾಕ್ಟರ್: ತಾಳೆಯಾಗದ ಲೆಕ್ಕ

ಕೃಷಿ ಬಳಕೆಯ ಟ್ರ್ಯಾಕ್ಟರ್‌ಗಳ ಮೇಲಿನ ಸರಕು ಮತ್ತು ಸೇವಾ ತೆರಿಗೆ 2025ರ ಸೆಪ್ಟೆಂಬರ್ 22ರಿಂದ ಶೇ 12ರಿಂದ ಶೇ 5ಕ್ಕೆ ಇಳಿಯಿತು. ಟ್ರ್ಯಾಕ್ಟರ್ ಟೈರು ಹಾಗೂ ಹಲವು ಬಿಡಿಭಾಗಗಳ ಮೇಲಿನ ತೆರಿಗೆಯೂ ಶೇ 18ರಿಂದ ಶೇ 5ಕ್ಕೆ ಬಂತು. 35 ಅಶ್ವಶಕ್ತಿಯ ಟ್ರ್ಯಾಕ್ಟರ್ ಕೊಳ್ಳುವವರಿಗೆ ಸುಮಾರು 41 ಸಾವಿರ ರೂ., 45 ಅಶ್ವಶಕ್ತಿಯದಕ್ಕೆ 45 ಸಾವಿರ ರೂ., 50 ಅಶ್ವಶಕ್ತಿಯದಕ್ಕೆ 53 ಸಾವಿರ ರೂ. ಉಳಿತಾಯವಾಗಲಿದೆ ಎಂದು ಕೇಂದ್ರ ಕೃಷಿ ಸಚಿವ ಶಿವರಾಜ್ ಸಿಂಗ್ ಚೌಹಾಣ್ ಆಗ ಲೆಕ್ಕ ಕೊಟ್ಟಿದ್ದರು. ದೊಡ್ಡ ಯಂತ್ರ ಕೊಂಡಷ್ಟೂ ಹೆಚ್ಚು ಉಳಿಯುತ್ತದೆ ಎಂಬಂತೆ ಕಾಣುವ ಈ ಲೆಕ್ಕ ಮಾರಾಟ ಮಳಿಗೆಗಳಿಗೆ ಅನುಕೂಲಕರವಾದದ್ದು. ಕೊಳ್ಳುವವನಿಗೆ ಎಷ್ಟು ಅನುಕೂಲ ಎಂಬುದು ಮಾತ್ರ ಬೇರೆಯೇ ಪ್ರಶ್ನೆ.

2015-16ರ ಕೃಷಿ ಗಣತಿಯ ಪ್ರಕಾರ ಕರ್ನಾಟಕದಲ್ಲಿ ಸರಾಸರಿ ಹಿಡುವಳಿ 1.36 ಹೆಕ್ಟೇರ್, ಅಂದರೆ ಮೂರೂವರೆ ಎಕರೆಗಿಂತ ಕಡಿಮೆ. ಐದು ವರ್ಷ ಹಿಂದಿನ ಗಣತಿಯಲ್ಲಿ ಇದು 1.55 ಹೆಕ್ಟೇರ್ ಇತ್ತು. ಜಮೀನು ಹೀಗೆ ಹೋಳಾಗುತ್ತಿದ್ದರೂ ದೇಶದಲ್ಲಿ ಅತಿ ಹೆಚ್ಚು ಮಾರಾಟವಾಗುವುದು 41ರಿಂದ 50 ಅಶ್ವಶಕ್ತಿಯ ಟ್ರ್ಯಾಕ್ಟರ್‌ಗಳೇ. ಇದರ ಜೊತೆಗೆ ಹೊಸದೊಂದು ವರ್ಗವೂ ಸೇರಿಕೊಂಡಿದೆ. 2020ರಲ್ಲಿ ಭೂ ಸುಧಾರಣಾ ಕಾಯ್ದೆಗೆ ತಂದ ತಿದ್ದುಪಡಿಯು ಕೃಷಿಕರಲ್ಲದವರೂ ಕೃಷಿ ಭೂಮಿ ಕೊಳ್ಳಲು ದಾರಿ ಮಾಡಿಕೊಟ್ಟಿತು. ನಗರದಲ್ಲಿ ನೌಕರಿ ಮಾಡುತ್ತಾ ಎರಡು-ಮೂರು ಎಕರೆ ಬೀಳು ಭೂಮಿ ಖರೀದಿಸಿದವರು ಮೊದಲು ಎದುರಿಸುವುದು ಲಂಟಾನ ಪೊದೆ, ಬಳ್ಳಾರಿ ಜಾಲಿ ಮತ್ತು ಕಲ್ಲುಗುಂಡುಗಳನ್ನು. ಇಷ್ಟನ್ನೆಲ್ಲ ಕಿತ್ತು ಹಾಕಬೇಕಾದರೆ ದೊಡ್ಡ ಟ್ರ್ಯಾಕ್ಟರೇ ಬೇಕು ಎಂಬ ತೀರ್ಮಾನಕ್ಕೆ ಬರುವುದು ಅಲ್ಲಿಯೇ. ತಪ್ಪು ಆರಂಭವಾಗುವುದೂ ಅಲ್ಲಿಂದಲೇ.

ಬೀಳು ಭೂಮಿಯನ್ನು ಹಸನು ಮಾಡುವುದು ಒಮ್ಮೆ ಮಾಡಿ ಮುಗಿಸುವ ಕೆಲಸ. ನಂತರದ ಹದಿನೈದು ವರ್ಷ ಮಾಡಬೇಕಾದದ್ದು ಉಳುಮೆ, ರೋಟಾವೇಟರ್, ಕಳೆ ತೆಗೆಯುವುದು, ಔಷಧ ಸಿಂಪಡಣೆ, ಗೊಬ್ಬರ ಸಾಗಣೆ. ಮೊದಲ ವಾರದ ಕಷ್ಟವನ್ನು ನೋಡಿ ಯಂತ್ರದ ಗಾತ್ರ ನಿರ್ಧರಿಸಿದರೆ ಉಳಿದ ವರ್ಷಗಳೆಲ್ಲ ಅದರ ಬೆಲೆ ತೆರಬೇಕಾಗುತ್ತದೆ. ಅದಕ್ಕಿಂತ ಮುಖ್ಯವಾದ ಸಂಗತಿಯೆಂದರೆ, ಬೇರು ಸಹಿತ ಮರದ ಬೊಡ್ಡೆ ಕೀಳುವ ಕೆಲಸಕ್ಕೆ 50 ಅಶ್ವಶಕ್ತಿಯ ಟ್ರ್ಯಾಕ್ಟರ್ ಕೂಡ ಸರಿಯಾದ ಸಾಧನವಲ್ಲ. ಅದು ಜೆಸಿಬಿಯ ಕೆಲಸ. ಬಾಡಿಗೆಗೆ ತಂದರೆ ಎರಡು-ಮೂರು ಎಕರೆ ಸಾಮಾನ್ಯವಾಗಿ ಕೆಲವೇ ದಿನಗಳಲ್ಲಿ ಮುಗಿಯುತ್ತದೆ. ಬಳ್ಳಾರಿ ಜಾಲಿಯನ್ನಂತೂ ಬುಡದವರೆಗೆ ಕಡಿದು ಬಿಟ್ಟರೆ ಮತ್ತೆ ಚಿಗುರುತ್ತದೆ. ಬುಡವನ್ನೇ ಅಗೆದು ತೆಗೆಯದೆ ಗತ್ಯಂತರವಿಲ್ಲ.

ಟ್ರ್ಯಾಕ್ಟರ್‌ಗೆ ಸರಪಳಿ ಕಟ್ಟಿ ಬೊಡ್ಡೆ ಎಳೆಯುವ ಅಭ್ಯಾಸ ಹಳ್ಳಿಗಳಲ್ಲಿ ಉಂಟು. ಇದು ಪ್ರಾಣಾಪಾಯದ ಕೆಲಸ. ಬೊಡ್ಡೆ ಕದಲದೆ ನಿಂತಾಗ ಹಿಂದಿನ ಚಕ್ರಗಳು ತಿರುಗಲಾರವು. ಆಗ ಎಂಜಿನ್ನಿನ ಬಲವು ಟ್ರ್ಯಾಕ್ಟರಿನ ಮುಂಭಾಗವನ್ನೇ ಮೇಲಕ್ಕೆತ್ತುತ್ತದೆ. ಸರಪಳಿಯನ್ನು ಹಿಂದಿನ ಅಚ್ಚಿಗಿಂತ ಎತ್ತರದಲ್ಲಿ ಕಟ್ಟಿದ್ದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಯಂತ್ರ ಹಿಮ್ಮುಖವಾಗಿ ಮಗುಚಿ ಚಾಲಕನ ಮೇಲೆ ಬೀಳುತ್ತದೆ. ಕ್ಲಚ್ ತುಳಿಯುವಷ್ಟು ಸಮಯವೂ ಸಿಗುವುದಿಲ್ಲ. ಯಾವುದೇ ಭಾರವನ್ನು ಕೆಳಗಿನ ಡ್ರಾಬಾರ್‌ಗಷ್ಟೇ ಕಟ್ಟಬೇಕು ಎಂಬ ನಿಯಮ ಇರುವುದು ಇದಕ್ಕಾಗಿಯೇ. ದೊಡ್ಡ ಟ್ರ್ಯಾಕ್ಟರ್ ಈ ಅಪಾಯವನ್ನು ಇಲ್ಲವಾಗಿಸುವುದಿಲ್ಲ. ಚಾಲಕನ ಭಂಡ ಧೈರ್ಯವನ್ನು ಹೆಚ್ಚಿಸುತ್ತದೆ, ಅಷ್ಟೇ.

ಇನ್ನು ಹಣದ ಲೆಕ್ಕ. ಒಂದು ಟ್ರ್ಯಾಕ್ಟರ್ ವರ್ಷಕ್ಕೆ ಸಾವಿರ ಗಂಟೆ ದುಡಿಯಬೇಕು ಎಂಬುದು ಕೃಷಿ ಎಂಜಿನಿಯರ್‌ಗಳು ವೆಚ್ಚ ಲೆಕ್ಕ ಹಾಕುವಾಗ ಬಳಸುವ ರೂಢಿಯ ಮಾನದಂಡ. ಮೂರು ಎಕರೆಯ ರೈತನ ಸ್ವಂತ ಅಗತ್ಯವೆಷ್ಟು? 45 ಅಶ್ವಶಕ್ತಿಯ ಯಂತ್ರ ಎಕರೆಗೆ ಸುಮಾರು ಒಂದು ಗಂಟೆಯಲ್ಲಿ ರೋಟಾವೇಟರ್ ಹೊಡೆಯುತ್ತದೆ. ಬೆಳೆಯೊಂದಕ್ಕೆ ನಾಲ್ಕು ಸಲ ಹೊಲಕ್ಕಿಳಿದರೂ ಎರಡು ಬೆಳೆಗೆ 24 ಗಂಟೆ. ಚಿಲ್ಲರೆ ಕೆಲಸವೆಲ್ಲ ಸೇರಿದರೆ 40 ಗಂಟೆ. ಬಾಡಿಗೆ ಗಂಟೆಗೆ 1,200 ರೂ. ಎಂದು ಹಿಡಿದರೂ ವರ್ಷದ ಖರ್ಚು 48 ಸಾವಿರ ರೂ. ಅದೇ ರೈತ 6 ಲಕ್ಷ ರೂ. ಸಾಲವನ್ನು ಶೇ 10ರ ಬಡ್ಡಿಗೆ ಪಡೆದು ಐದು ವರ್ಷಗಳಲ್ಲಿ ತೀರಿಸಬೇಕಾದರೆ ವರ್ಷದ ಕಂತು ಒಂದೂವರೆ ಲಕ್ಷ ರೂ. ಮೀರುತ್ತದೆ. ಡೀಸೆಲ್, ವಿಮೆ, ರಿಪೇರಿ, ಚಾಲಕನ ಕೂಲಿ ಬೇರೆ. ತೆರಿಗೆ ಇಳಿಕೆಯಿಂದ ಒಮ್ಮೆ ಉಳಿಯುವ 45 ಸಾವಿರ ರೂ. ಈ ಕಂತಿನ ನಾಲ್ಕು ತಿಂಗಳ ಪಾಲಿಗೂ ಸಾಲದು.

ಹಾಗಾದರೆ ದೊಡ್ಡ ಟ್ರ್ಯಾಕ್ಟರ್ ಕೊಂಡವರೆಲ್ಲ ಅವಿವೇಕಿಗಳೇ? ಖಂಡಿತ ಅಲ್ಲ. ಅವರಲ್ಲಿ ಬಹುತೇಕರು ಕೊಂಡದ್ದು ಸ್ವಂತ ಹೊಲಕ್ಕಲ್ಲ, ಬಾಡಿಗೆಯ ವ್ಯಾಪಾರಕ್ಕೆ. ಬೆಳಗಾವಿ, ಬಾಗಲಕೋಟೆ ಭಾಗದಲ್ಲಿ ಎರಡು ಟ್ರೇಲರ್ ಕಟ್ಟಿ ಕಬ್ಬು ಸಾಗಿಸುವವನಿಗೆ 50 ಅಶ್ವಶಕ್ತಿಯೂ ಸಾಲದು. ಗದಗ, ವಿಜಯಪುರದ ಎರೆಭೂಮಿಯಲ್ಲಿ ಗರಿಕೆ ಬೇರನ್ನು ಆಳದಿಂದ ಮೇಲೆತ್ತುವ ರೆಕ್ಕೆ ನೇಗಿಲಿಗೆ 45 ಅಶ್ವಶಕ್ತಿ ಬೇಕೇ ಬೇಕು. ಇಂಥವರ ಯಂತ್ರ ಸುಗ್ಗಿಯಲ್ಲಿ ಹಗಲಿರುಳು ದುಡಿಯುತ್ತದೆ. ಸಮಸ್ಯೆ ಇರುವುದು ಅವರನ್ನು ನೋಡಿ ಅದೇ ಯಂತ್ರವನ್ನು ಕೊಂಡು, ಬಾಡಿಗೆಗೆ ಬಿಡಲು ಚಾಲಕನೂ ಇಲ್ಲದೆ, ಶೆಡ್ಡಿನಲ್ಲಿ ನಿಲ್ಲಿಸಿಕೊಂಡವರದು. ಮನೆ ಮುಂದೆ ಟ್ರ್ಯಾಕ್ಟರ್ ನಿಂತರೆ ಹೆಣ್ಣು ಕೊಡುವವರು ಮುಂದೆ ಬರುತ್ತಾರೆ ಎಂಬ ಮಾತು ಹಳ್ಳಿಗಳಲ್ಲಿ ತಮಾಷೆಯಾಗಿ ಉಳಿದಿಲ್ಲ.

ಕೋಲಾರ, ಚಿಕ್ಕಬಳ್ಳಾಪುರ, ತುಮಕೂರಿನ ಹಗುರ ಕೆಂಪು ಮಣ್ಣಿನಲ್ಲಿ ಲೆಕ್ಕ ಬೇರೆ. ತರಕಾರಿ, ಹಿಪ್ಪುನೇರಳೆ, ಮಾವು, ದ್ರಾಕ್ಷಿಗೆ 18ರಿಂದ 28 ಅಶ್ವಶಕ್ತಿಯ ಮಿನಿ ಟ್ರ್ಯಾಕ್ಟರ್ ಸಾಕಾಗುತ್ತದೆ. ಅಡಿಕೆ ಸಸಿಗಳನ್ನು ಸಾಮಾನ್ಯವಾಗಿ ಒಂಬತ್ತು ಅಡಿ ಅಂತರದಲ್ಲಿ ನೆಡುತ್ತಾರೆ. ಆ ಸಾಲಿನೊಳಗೆ ಮೂರು-ನಾಲ್ಕು ಅಡಿ ಅಗಲದ ಯಂತ್ರ ಸುಲಭವಾಗಿ ಹೋಗಿ ತಿರುಗಿ ಬರುತ್ತದೆ. ಆರಡಿ ಅಗಲದ್ದು ನುಗ್ಗಿದರೆ ಬೇರಿಗೂ ಕಾಂಡಕ್ಕೂ ಪೆಟ್ಟು. ಎರಡು ಟನ್ ತೂಕದ ಟ್ರ್ಯಾಕ್ಟರ್ ಒದ್ದೆ ಮಣ್ಣಿನಲ್ಲಿ ಪದೇ ಪದೇ ಓಡಾಡಿದರೆ ಕೆಳಪದರ ಗಟ್ಟಿಯಾಗಿ ನೀರು ಇಂಗುವುದೂ ಕಡಿಮೆಯಾಗುತ್ತದೆ. ಮಿನಿ ಟ್ರ್ಯಾಕ್ಟರ್‌ನ ತೂಕ ಇದರ ಅರ್ಧಕ್ಕಿಂತ ಕಡಿಮೆ. ಆದರೆ ಹಗುರ ಯಂತ್ರಕ್ಕೆ ನೆಲದ ಹಿಡಿತವೂ ಕಡಿಮೆ ಎಂಬುದನ್ನು ಮರೆಯಬಾರದು. ಹೀಗಾಗಿ ನಾಲ್ಕೂ ಚಕ್ರಗಳಿಗೆ ಚಾಲನೆ ಇರುವ ಮಾದರಿಯೇ ಲೇಸು. ಮಲೆನಾಡಿನ ಇಳಿಜಾರಿನಲ್ಲಿ ಅದೂ ಜೋಪಾನವಾಗಿರಬೇಕು. ಗದ್ದೆಯ ಕೆಸರಿಗಾದರೆ ಪವರ್ ಟಿಲ್ಲರ್ ಇಂದಿಗೂ ಕೈಬಿಟ್ಟಿಲ್ಲ.

ಜಾಹೀರಾತಿನಲ್ಲಿ ಕಾಣುವ ಅಶ್ವಶಕ್ತಿ ಎಂಜಿನ್ನಿನದು. ರೋಟಾವೇಟರ್ ತಿರುಗಿಸುವ ಪಿಟಿಒ ದಂಡಕ್ಕೆ ತಲುಪುವುದು ಅದರ ಶೇ 85ರ ಆಸುಪಾಸು ಮಾತ್ರ. 24 ಅಶ್ವಶಕ್ತಿ ಎಂದು ಕೊಂಡ ಯಂತ್ರಕ್ಕೆ ಐದಡಿ ರೋಟಾವೇಟರ್ ಜೋಡಿಸಿ ಎಂಜಿನ್ ಸುಟ್ಟುಕೊಳ್ಳುವವರು ಗಮನಿಸದೇ ಹೋಗುವುದು ಇದನ್ನೇ. ಅಂಥದಕ್ಕೆ ಮೂರೂವರೆ ಅಡಿಯದು ಸೂಕ್ತ. ಮಧ್ಯಪ್ರದೇಶದ ಬುದ್ನಿಯಲ್ಲಿರುವ ಕೇಂದ್ರೀಯ ಕೃಷಿ ಯಂತ್ರೋಪಕರಣ ತರಬೇತಿ ಮತ್ತು ಪರೀಕ್ಷಾ ಸಂಸ್ಥೆ ಟ್ರ್ಯಾಕ್ಟರ್‌ಗಳ ಪಿಟಿಒ ಶಕ್ತಿ, ಎಳೆಯುವ ಬಲ, ಇಂಧನ ಬಳಕೆಯನ್ನು ಅಳೆದು ವರದಿ ನೀಡುತ್ತದೆ. ಕಂಪನಿಯ ಬಣ್ಣದ ಪತ್ರಕ್ಕಿಂತ ಆ ವರದಿಯನ್ನು ಕೇಳಿ ಪಡೆಯುವುದು ವಾಸಿ.

ಇಷ್ಟಾದರೂ ಬಾಡಿಗೆಯೇ ಪರಿಹಾರ ಎಂದುಬಿಡುವುದು ಸುಲಭದ ಮಾತಾದೀತು. 2014-15ರಲ್ಲಿ ಆರಂಭವಾದ ಕೃಷಿ ಯಂತ್ರಧಾರೆ ಯೋಜನೆ ಹೋಬಳಿ ಮಟ್ಟದಲ್ಲಿ ಬಾಡಿಗೆ ಕೇಂದ್ರಗಳನ್ನು ತೆರೆಯಿತು. ಉದ್ದೇಶ ಒಳ್ಳೆಯದೇ. ಆದರೆ ಮುಂಗಾರಿನ ಮೊದಲ ಮಳೆ ಬಿದ್ದ ಮರುದಿನ ಇಡೀ ಹೋಬಳಿಗೆ ಒಮ್ಮೆಲೇ ಟ್ರ್ಯಾಕ್ಟರ್ ಬೇಕು. ಮಳೆಯಾಶ್ರಿತ ಜಮೀನಿನಲ್ಲಿ ಹದ ಉಳಿಯುವುದು ಕೆಲವೇ ದಿನ. ಸರದಿ ಬರುವಷ್ಟರಲ್ಲಿ ಹದ ತಪ್ಪಿದರೆ ಬಾಡಿಗೆಯಲ್ಲಿ ಉಳಿಸಿದ್ದು ಇಳುವರಿಯಲ್ಲಿ ಹೋಗುತ್ತದೆ. ಸಣ್ಣ ರೈತ ಸ್ವಂತ ಯಂತ್ರಕ್ಕೆ ಆಸೆಪಡುವುದು ಈ ಭಯದಿಂದಲೇ ಹೊರತು ಬರಿಯ ಪ್ರತಿಷ್ಠೆಯಿಂದಲ್ಲ. ಆ ಭಯವನ್ನು ನೀಗಿಸಲು 25 ಅಶ್ವಶಕ್ತಿಯೊಳಗಿನ ಯಂತ್ರ ಸಾಕು. ಅದಕ್ಕೆ ಕೃಷಿ ಇಲಾಖೆಯ ಸಹಾಯಧನವೂ ಇದೆ. ಪರಿಶಿಷ್ಟ ಜಾತಿ, ಪಂಗಡದವರಿಗೆ ಅದರ ಪ್ರಮಾಣ ಹೆಚ್ಚು. ಬಿತ್ತನೆಗೆ ಮುನ್ನ ಮಣ್ಣು ಹದ ಮಾಡುವ ಕೆಲಸವನ್ನು ಸ್ವಂತ ಮಿನಿ ಟ್ರ್ಯಾಕ್ಟರ್‌ನಲ್ಲಿ ಮುಗಿಸಿ, ಎರಡು-ಮೂರು ವರ್ಷಕ್ಕೊಮ್ಮೆ ಬೇಸಿಗೆಯಲ್ಲಿ ಮಾಡುವ ಆಳದ ಉಳುಮೆಗಷ್ಟೇ ದೊಡ್ಡದನ್ನು ಬಾಡಿಗೆಗೆ ಕರೆಸಿದರೆ ಸರದಿಯ ಕಾಟವೂ ಇರುವುದಿಲ್ಲ. ಬೇಸಿಗೆಯಲ್ಲಿ ಬಾಡಿಗೆಯವರು ಕೆಲಸಕ್ಕಾಗಿ ಕಾದಿರುತ್ತಾರೆ.