ಮಗ ಶಾಲೆಯಲ್ಲಿ, ಗಾಡಿಯಲ್ಲಿ ಸಿಮೆಂಟ್ ಚೀಲ

ಈಜು, ಸೈಕಲ್ ಸವಾರಿ, ಓಟ - ಈ ಮೂರನ್ನೂ ನಡುವೆ ವಿಶ್ರಾಂತಿಯಿಲ್ಲದೆ ಒಂದರ ಬೆನ್ನಿಗೆ ಒಂದರಂತೆ ಮುಗಿಸುವ ಸ್ಪರ್ಧೆಗೆ ಟ್ರಯಥ್ಲಾನ್ ಎಂದು ಹೆಸರು. 2000ದಲ್ಲಿ ಸಿಡ್ನಿಯಲ್ಲಿ ನಡೆದ ಒಲಿಂಪಿಕ್ಸ್‌ನಲ್ಲಿ ಇದಕ್ಕೆ ಮೊದಲ ಬಾರಿಗೆ ಸ್ಥಾನ ಸಿಕ್ಕಿತು. ಅಲ್ಲಿ ಈಜು ಒಂದೂವರೆ ಕಿ.ಮೀ., ಸೈಕಲ್ 40 ಕಿ.ಮೀ., ಓಟ 10 ಕಿ.ಮೀ. ಇದಕ್ಕಿಂತ ಕಠಿಣವಾದ 'ಐರನ್‌ಮ್ಯಾನ್' ಸ್ಪರ್ಧೆಯಲ್ಲಿ ಸುಮಾರು 3.8 ಕಿ.ಮೀ. ಈಜಿ, 180 ಕಿ.ಮೀ. ಸೈಕಲ್ ತುಳಿದು, ಕೊನೆಗೆ 42.2 ಕಿ.ಮೀ. ದೂರದ ಪೂರ್ಣ ಮ್ಯಾರಥಾನ್ ಓಡಬೇಕು. ನಮ್ಮ ನೆರೆಯ ಗೋವಾದಲ್ಲಿ 2019ರಲ್ಲಿ ಇದರ ಅರ್ಧ ದೂರದ ಸ್ಪರ್ಧೆ ಮೊದಲ ಬಾರಿಗೆ ನಡೆಯಿತು.

ಇಂಥ ಸ್ಪರ್ಧೆಗಳಲ್ಲಿ ಭಾಗವಹಿಸುವವರಲ್ಲಿ ಹೆಚ್ಚಿನವರು ವೃತ್ತಿಪರ ಕ್ರೀಡಾಪಟುಗಳಲ್ಲ. ಬೆಳಿಗ್ಗೆ ಕಚೇರಿಗೆ ಹೋಗಿ ಸಂಜೆ ಮನೆಗೆ ಬರುವ, ಮಕ್ಕಳ ಶಾಲೆಯ ಶುಲ್ಕ ಕಟ್ಟುವ, ಕೆಲಸದ ಮೇಲೆ ಊರೂರು ತಿರುಗುವ ಸಾಮಾನ್ಯ ಜನ. ಒಂದು ಆಟಕ್ಕೇ ಸಮಯ ಸಿಗದಿರುವಾಗ ಇವರು ಮೂರು ಆಟಗಳಿಗೆ ಹೇಗೆ ಸಮಯ ಹೊಂದಿಸುತ್ತಾರೆ?

ಈ ಕ್ರೀಡೆ ಹುಟ್ಟಿದ್ದೇ ಹವ್ಯಾಸಿಗಳಿಂದ. 1974ರ ಸೆಪ್ಟೆಂಬರ್ 25ರಂದು ಅಮೆರಿಕದ ಸ್ಯಾನ್ ಡಿಯೆಗೊ ನಗರದ ಓಟಗಾರರ ಸಂಘವೊಂದು ಮಿಷನ್ ಬೇ ಎಂಬಲ್ಲಿ ಮೊದಲ ಟ್ರಯಥ್ಲಾನ್ ನಡೆಸಿದಾಗ ಸೇರಿದವರು 46 ಮಂದಿ. ಈಜುಗಾರ, ಓಟಗಾರ, ಸೈಕಲ್ ಸವಾರ - ಈ ಮೂವರಲ್ಲಿ ಯಾರು ಹೆಚ್ಚು ಗಟ್ಟಿಗರು ಎಂಬ ವಾದವನ್ನು ಬಗೆಹರಿಸಲು 1978ರ ಫೆಬ್ರವರಿಯಲ್ಲಿ ಹವಾಯಿಯಲ್ಲಿ ಮೊದಲ ಐರನ್‌ಮ್ಯಾನ್ ನಡೆಯಿತು. ಹೊರಟವರು 15 ಜನ, ಮುಗಿಸಿದವರು 12. ಗೆದ್ದ ಗಾರ್ಡನ್ ಹಾಲರ್ ಟ್ಯಾಕ್ಸಿ ಓಡಿಸುತ್ತಿದ್ದವರು. ಅವರಿಗೆ ತಗುಲಿದ ಕಾಲ 11 ಗಂಟೆ 46 ನಿಮಿಷ 58 ಸೆಕೆಂಡು. ಸ್ಪರ್ಧೆಯನ್ನು ರೂಪಿಸಿದ ಜಾನ್ ಕಾಲಿನ್ಸ್ ನೌಕಾಪಡೆಯ ಅಧಿಕಾರಿ. ಅವರೂ ಓಡಿದರು, ಮುಗಿಸಲು ಸುಮಾರು 17 ಗಂಟೆ ಹಿಡಿಯಿತು.

ತಂದೆ-ಮಗನ ತಂಡ

ಕೆಲಸ, ಸಂಸಾರ, ಅಭ್ಯಾಸ - ಮೂರನ್ನೂ ಒಟ್ಟಿಗೆ ಸಾಗಿಸಿದವರಲ್ಲಿ ಡಿಕ್ ಹಾಯ್ಟ್ ಅವರ ಹೆಸರು ಮೊದಲು ನೆನಪಾಗುತ್ತದೆ. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಈ ವ್ಯಕ್ತಿ ಏರ್ ನ್ಯಾಷನಲ್ ಗಾರ್ಡ್‌ನ ಅಧಿಕಾರಿ. 1962ರಲ್ಲಿ ಹುಟ್ಟಿದ ಅವರ ಹಿರಿಯ ಮಗ ರಿಕ್‌ಗೆ ಹೊಕ್ಕುಳಬಳ್ಳಿ ಕುತ್ತಿಗೆಗೆ ಸುತ್ತಿಕೊಂಡು ಮಿದುಳಿಗೆ ಆಮ್ಲಜನಕ ಸಾಲದೆ ಹೋಯಿತು. ಪರಿಣಾಮ, ಸೆರೆಬ್ರಲ್ ಪಾಲ್ಸಿ. ಕೈಕಾಲು ಹಿಡಿತಕ್ಕೆ ಬರಲಿಲ್ಲ, ಮಾತೂ ಬರಲಿಲ್ಲ. ಮಗುವನ್ನು ಸಂಸ್ಥೆಯೊಂದಕ್ಕೆ ಸೇರಿಸಿಬಿಡಿ ಎಂಬ ವೈದ್ಯರ ಸಲಹೆಯನ್ನು ತಂದೆ ಡಿಕ್, ತಾಯಿ ಜೂಡಿ ಇಬ್ಬರೂ ಒಪ್ಪಲಿಲ್ಲ. ಮಗುವಿನ ಕಣ್ಣು ತಮ್ಮನ್ನು ಹಿಂಬಾಲಿಸುವುದನ್ನು ಅವರು ಗಮನಿಸಿದ್ದರು.

ಟಫ್ಟ್ಸ್ ವಿಶ್ವವಿದ್ಯಾಲಯದ ಎಂಜಿನಿಯರುಗಳ ಬಳಿಗೆ ಅವನನ್ನು ಕರೆದೊಯ್ದಾಗ, ಈತನ ತಲೆಯಲ್ಲಿ ಏನೂ ಇಲ್ಲ ಎಂದೇ ಅವರೂ ಭಾವಿಸಿದರು. ಒಂದು ನಗೆಹನಿ ಹೇಳಿ ನೋಡಿ ಎಂದರು ಪೋಷಕರು. ಹೇಳಿದರು, ರಿಕ್ ನಕ್ಕ! ನಗೆಹನಿಗೆ ನಗಬೇಕಾದರೆ ಅದು ಅರ್ಥವಾಗಿರಬೇಕಲ್ಲವೆ? 1972ರಲ್ಲಿ ಅವನಿಗಾಗಿ ಒಂದು ಯಂತ್ರ ಸಿದ್ಧವಾಯಿತು. ಪರದೆಯ ಮೇಲೆ ಅಕ್ಷರಗಳು ಒಂದೊಂದಾಗಿ ಬೆಳಗುತ್ತವೆ. ಬೇಕಾದ ಅಕ್ಷರ ಬಂದಾಗ ತಲೆಯನ್ನು ಪಕ್ಕದ ಸ್ವಿಚ್ಚಿಗೆ ತಾಗಿಸಿದರೆ ಅದು ದಾಖಲಾಗುತ್ತದೆ. ಹುಡುಗ ಮೊದಲು ಬರೆದದ್ದು ಅಮ್ಮ ಎಂದೂ ಅಲ್ಲ, ಅಪ್ಪ ಎಂದೂ ಅಲ್ಲ. ತನ್ನ ನೆಚ್ಚಿನ ಐಸ್ ಹಾಕಿ ತಂಡಕ್ಕೆ ಜೈಕಾರ!

1977ರಲ್ಲಿ, ಅಪಘಾತದಲ್ಲಿ ಕೈಕಾಲು ಕಳೆದುಕೊಂಡಂತಾದ ಆಟಗಾರನೊಬ್ಬನ ನೆರವಿಗಾಗಿ ಐದು ಮೈಲಿಯ, ಅಂದರೆ ಎಂಟು ಕಿ.ಮೀ. ಓಟವೊಂದು ಏರ್ಪಟ್ಟಿತು. ತಾನೂ ಭಾಗವಹಿಸಬೇಕೆಂದು ರಿಕ್ ಹೇಳಿದ. ಆಗ ಡಿಕ್ ಓಟಗಾರರೇನೂ ಆಗಿರಲಿಲ್ಲ. ಆದರೂ ಗಾಲಿಕುರ್ಚಿ ತಳ್ಳುತ್ತ ಓಡಿದರು. ಕೊನೆಯಿಂದ ಎರಡನೆಯವರಾಗಿ ಗುರಿ ಮುಟ್ಟಿದರು. ಓಡುವಾಗ ತನಗೆ ಅಂಗವೈಕಲ್ಯ ಇದೆ ಎಂದೇ ಅನಿಸುವುದಿಲ್ಲ ಎಂದು ಅಂದು ರಾತ್ರಿ ಮಗ ಯಂತ್ರದಲ್ಲಿ ಬರೆದು ತಿಳಿಸಿದ. ತಂದೆಗೆ ಅಷ್ಟೇ ಸಾಕಾಯಿತು.

ಇನ್ನು ಅಭ್ಯಾಸ ನಡೆಯಬೇಕು. ಆದರೆ ಮಗನಿಗೆ ಶಾಲೆಯಿದೆ, ಓದಿದೆ. ಅದನ್ನು ತಪ್ಪಿಸುವಂತಿಲ್ಲ. ಡಿಕ್ ಕಂಡುಕೊಂಡ ಉಪಾಯ ಸರಳ. ಮಗ ಶಾಲೆಗೆ ಹೋದಾಗ ಗಾಡಿಯಲ್ಲಿ ಸಿಮೆಂಟ್ ಚೀಲವಿಟ್ಟು ತಳ್ಳುತ್ತ ಓಡುವುದು! ಗಾಡಿ ತಳ್ಳುವ ಸ್ನಾಯುಗಳಿಗೆ ಬೇಕಾದದ್ದು ಭಾರ. ಅದು ಮಗನದೋ ಸಿಮೆಂಟಿನದೋ ಎಂಬ ಭೇದ ಅವುಗಳಿಗೆ ತಿಳಿಯದು.

ಟ್ರಯಥ್ಲಾನಿಗೆ ಆಹ್ವಾನ ಬಂದಾಗ ಮಗನೂ ಜೊತೆಗಿದ್ದರೆ ಮಾತ್ರ ಬರುತ್ತೇನೆ ಎಂದರು ಡಿಕ್. ಅವರಿಗೆ ಈಜು ಬರುತ್ತಿರಲಿಲ್ಲ. ಸೈಕಲ್ ಮುಟ್ಟಿದ್ದು ಎಳೆಯ ವಯಸ್ಸಿನಲ್ಲಿ. ನಲವತ್ತು ದಾಟಿದ ಮೇಲೆ ಎರಡನ್ನೂ ಕಲಿತು, 1985ರಲ್ಲಿ ತಂದೆಯರ ದಿನದಂದು ಮೊದಲ ಟ್ರಯಥ್ಲಾನ್ ಮುಗಿಸಿದರು. ಈಜುವಾಗ ಮಗನನ್ನು ರಬ್ಬರ್ ದೋಣಿಯಲ್ಲಿ ಮಲಗಿಸಿ, ಹಗ್ಗವನ್ನು ಮೈಗೆ ಕಟ್ಟಿಕೊಂಡು ಎಳೆಯುತ್ತಿದ್ದರು. ಸೈಕಲ್ಲಿನಲ್ಲಿ ಅವನಿಗಾಗಿ ವಿಶೇಷ ಆಸನ, ಓಟಕ್ಕೆ ಗಾಲಿಕುರ್ಚಿ. 1988ರಲ್ಲಿ ಹವಾಯಿಯ ಐರನ್‌ಮ್ಯಾನಿಗೆ ಹೋದಾಗ ಈಜು ಗಡುವಿನೊಳಗೆ ಮುಗಿಯದೆ ಹಿಂತಿರುಗಬೇಕಾಯಿತು. ಮರುವರ್ಷ ಮತ್ತೆ ಹೋಗಿ ಪೂರ್ತಿ ಮುಗಿಸಿಯೇ ಬಂದರು. ರಿಕ್ 1993ರಲ್ಲಿ ಬಾಸ್ಟನ್ ವಿಶ್ವವಿದ್ಯಾಲಯದಿಂದ ಪದವಿ ಪಡೆದ. ಸಾವಿರಕ್ಕೂ ಹೆಚ್ಚು ಸ್ಪರ್ಧೆಗಳಲ್ಲಿ ಓಡಿದ ಈ ಜೋಡಿಯಲ್ಲಿ ತಂದೆ 2021ರಲ್ಲಿ, ಮಗ 2023ರಲ್ಲಿ ತೀರಿಕೊಂಡರು.

ಈ ಕಥೆಯನ್ನು ಹೇಳುವಾಗ ಜೂಡಿಯ ಹೆಸರು ಮರೆಯಬಾರದು. ಮಗನನ್ನು ಎಲ್ಲ ಮಕ್ಕಳ ಜೊತೆ ಸಾಮಾನ್ಯ ಶಾಲೆಗೆ ಸೇರಿಸಲು ವರ್ಷಗಟ್ಟಲೆ ಹೋರಾಡಿದಾಕೆ ಅವರು. ಮುಂದೆ ಈ ದಂಪತಿ ಬೇರೆಯಾದರು. ಅದಕ್ಕೆ ಕಾರಣ ಹುಡುಕುವುದು ಹೊರಗಿನವರ ಕೆಲಸವಲ್ಲ. ಆದರೆ ಪ್ರತಿಯೊಂದು ದೊಡ್ಡ ಸಾಧನೆಯ ಹಿಂದೆಯೂ ಕ್ಯಾಮೆರಾಕ್ಕೆ ಕಾಣದ ಮನೆಯೊಂದು ಇರುತ್ತದೆ ಎಂಬುದನ್ನು ಓದುಗರು ಗಮನಿಸಬೇಕು.

ದೇಹದ ಲೆಕ್ಕ

ಅಭ್ಯಾಸ ಮಾಡುವಾಗ ದೇಹ ಬಲವಾಗುತ್ತದೆ ಎಂಬುದು ಎಲ್ಲರ ನಂಬಿಕೆ. ಇದು ಅರ್ಧ ಸತ್ಯ. ಅಭ್ಯಾಸದ ವೇಳೆ ದೇಹ ದಣಿಯುತ್ತದೆ. ಸ್ನಾಯುವಿನ ಎಳೆಗಳಿಗೆ ಸಣ್ಣಪುಟ್ಟ ಹಾನಿಯಾಗುತ್ತದೆ. ಗ್ಲೈಕೋಜನ್ ರೂಪದಲ್ಲಿ ಕೂಡಿಟ್ಟ ಇಂಧನ ಖರ್ಚಾಗುತ್ತದೆ. ಈ ಹಾನಿಯನ್ನು ದುರಸ್ತಿ ಮಾಡಿ, ಮೊದಲಿಗಿಂತ ತುಸು ಗಟ್ಟಿಯಾಗಿ ಕಟ್ಟುವ ಕೆಲಸ ನಡೆಯುವುದು ವಿಶ್ರಾಂತಿಯಲ್ಲಿ. ಈ ದುರಸ್ತಿಗೆ ನೆರವಾಗುವ ಬೆಳವಣಿಗೆಯ ಹಾರ್ಮೋನು ಹೆಚ್ಚಾಗಿ ಸ್ರವಿಸುವುದು ರಾತ್ರಿಯ ಮೊದಲ ಭಾಗದ ಗಾಢ ನಿದ್ರೆಯಲ್ಲಿ. ನಿದ್ರೆಗೆಟ್ಟು ಬೆಳಗಿನ ಜಾವ ಓಡುವವನು ಒಂದು ಕೈಯಿಂದ ಗೋಡೆ ಕಟ್ಟಿ ಇನ್ನೊಂದು ಕೈಯಿಂದ ಕೆಡವಿದಂತೆ.

ಒಂದು ವಾರಕ್ಕೆ 168 ಗಂಟೆ. ದಿನಕ್ಕೆ ಎಂಟು ಗಂಟೆಯಂತೆ ನಿದ್ರೆಗೆ 56. ಆರು ದಿನದ ಕೆಲಸ, ಬಸ್ಸಿನ ಪ್ರಯಾಣ ಸೇರಿ 60. ಊಟ, ಸ್ನಾನ, ಸಂತೆ, ಮನೆಗೆಲಸಕ್ಕೆ ದಿನಕ್ಕೆ ಮೂರು ಗಂಟೆಯಂತೆ 21. ಉಳಿಯುವುದು 31 ಗಂಟೆ. ಈಗಾಗಲೇ ಸ್ವಲ್ಪ ಮಟ್ಟಿಗೆ ವ್ಯಾಯಾಮ ರೂಢಿಯಿರುವವರು 750 ಮೀಟರ್ ಈಜು, 20 ಕಿ.ಮೀ. ಸೈಕಲ್, 5 ಕಿ.ಮೀ. ಓಟದ ಚಿಕ್ಕ ಟ್ರಯಥ್ಲಾನಿಗೆ ಸಿದ್ಧರಾಗಲು ವಾರಕ್ಕೆ ಐದಾರು ಗಂಟೆ ಸಾಕು. ಆಗ ಹೆಂಡತಿ ಮಕ್ಕಳಿಗೆ, ಹಿರಿಯರಿಗೆ 25 ಗಂಟೆ ಉಳಿಯಿತು. ಐರನ್‌ಮ್ಯಾನಿಗೆ ಇದರ ಎರಡು ಮೂರು ಪಟ್ಟು ಬೇಕು. ಅದನ್ನು ನಿದ್ರೆಯಿಂದ ಕದ್ದರೆ ದೇಹ ದಂಡ ಕಟ್ಟುತ್ತದೆ, ಮನೆಯವರಿಂದ ಕದ್ದರೆ ಸಂಸಾರ ಕಟ್ಟುತ್ತದೆ.

ಈ ಐದಾರು ಗಂಟೆಯನ್ನು ಹಂಚುವುದರಲ್ಲಿಯೂ ವಿಜ್ಞಾನವಿದೆ. ನೀರಿನ ಸಾಂದ್ರತೆ ಗಾಳಿಯದಕ್ಕಿಂತ ಸುಮಾರು 800 ಪಟ್ಟು. ವೇಗ ಇಮ್ಮಡಿಯಾದರೆ ನೀರಿನ ತಡೆ ನಾಲ್ಮಡಿಯಾಗುತ್ತದೆ. ಹಾಗಾಗಿ ಈಜಿನಲ್ಲಿ ತೋಳ್ಬಲಕ್ಕಿಂತ ಮೈಯನ್ನು ನೀರಿಗೆ ಸಮನಾಗಿ ಚಾಚುವ ಕ್ರಮ ಮುಖ್ಯ. ಕ್ರಮ ಕಲಿಯಲು ವಾರಕ್ಕೊಮ್ಮೆ ಎರಡು ಗಂಟೆಗಿಂತ ವಾರಕ್ಕೆ ಮೂರು ಸಲ ಅರ್ಧ ಗಂಟೆ ಮೇಲು. ಸೈಕಲ್ಲಿಗೆ ಕಚೇರಿಯ ದಾರಿಯೇ ಮೈದಾನವಾಗಬಹುದು. ಓಟ ಮೂಳೆ-ಕೀಲುಗಳಿಗೆ ಹೆಚ್ಚು ಪೆಟ್ಟು ಕೊಡುವುದರಿಂದ ದೂರವನ್ನು ನಿಧಾನವಾಗಿ ಏರಿಸಬೇಕು. ಹೃದಯ ಮತ್ತು ಶ್ವಾಸಕೋಶಗಳು ಒಂದು ಆಟದಲ್ಲಿ ಗಳಿಸಿದ್ದು ಮಿಕ್ಕ ಎರಡಕ್ಕೂ ಸ್ವಲ್ಪ ಮಟ್ಟಿಗೆ ಒದಗುತ್ತದೆ. ಆದ್ದರಿಂದ ಪ್ರವಾಸದಲ್ಲಿದ್ದಾಗ ಈಜುಕೊಳ ಸಿಗಲಿಲ್ಲವೆಂದು ಚಿಂತಿಸಬೇಕಾಗಿಲ್ಲ. ಚೀಲದಲ್ಲಿ ಒಂದು ಜೊತೆ ಬೂಟು, ಒಂದು ಸ್ಕಿಪ್ಪಿಂಗ್ ಹಗ್ಗ ಇದ್ದರೆ ಸಾಕು. ನಾಲ್ಕು ದಿನ ತಪ್ಪಿದರೂ ಗಳಿಸಿದ ಶಕ್ತಿ ಎಲ್ಲಿಯೂ ಹೋಗದು. ಅದು ಗಮನಕ್ಕೆ ಬರುವಷ್ಟು ಕರಗಲು ವಾರಗಳೇ ಬೇಕು.

ವಿಶ್ರಾಂತಿ ಸಾಲದು ಎಂಬುದನ್ನು ತಿಳಿಯುವುದು ಹೇಗೆ? ಬೆಳಿಗ್ಗೆ ಏಳುವ ಮೊದಲು ಮಲಗಿದಲ್ಲಿಯೇ ಮಣಿಕಟ್ಟಿನ ನಾಡಿಯನ್ನು 15 ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸಬೇಕು. ಪ್ರತಿದಿನ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಬೇಕು. ತಿಂಗಳುಗಟ್ಟಲೆ ಅಭ್ಯಾಸ ಮಾಡಿದವರಲ್ಲಿ ಈ ಸಂಖ್ಯೆ ಕ್ರಮೇಣ ಇಳಿಯುತ್ತದೆ. ಹೃದಯ ಒಂದು ಬಡಿತಕ್ಕೆ ಹೆಚ್ಚು ರಕ್ತ ತಳ್ಳಲು ಕಲಿಯುವುದೇ ಕಾರಣ. ಒಂದು ದಿನ ಅದು ಎಂದಿಗಿಂತ ಸ್ಪಷ್ಟವಾಗಿ ಹೆಚ್ಚಿದ್ದರೆ ದಣಿವು ಇಳಿದಿಲ್ಲ, ಇಲ್ಲವೇ ಜ್ವರ ಬರುವುದರಲ್ಲಿದೆ ಎಂದು ಊಹಿಸಿ ಅಂದು ಅಭ್ಯಾಸ ಬಿಡುವುದು ಜಾಣತನ. ವಿದ್ಯಾರ್ಥಿಗಳಿಗೆ ಇದೊಂದು ಒಳ್ಳೆಯ ಪ್ರಯೋಗ. ಅಪ್ಪನ ನಾಡಿ, ಅಮ್ಮನ ನಾಡಿ, ತಮ್ಮ ನಾಡಿ - ಮೂರನ್ನೂ ಒಂದು ತಿಂಗಳು ಬರೆದು ಗ್ರಾಫ್ ಎಳೆದು ನೋಡಬಹುದು. ನಲವತ್ತು ದಾಟಿದವರು ಆರಂಭಿಸುವ ಮುನ್ನ ವೈದ್ಯರಲ್ಲಿ ಪರೀಕ್ಷೆ ಮಾಡಿಸಿಕೊಳ್ಳಬೇಕು. ಕೆರೆ, ಬಾವಿಗಳಲ್ಲಿ ಯಾರೂ ಒಬ್ಬರೇ ಈಜಬಾರದು.

ಮನೆಯ ಲೆಕ್ಕ

ಭಾನುವಾರ ಮುಂಜಾನೆ ಅಪ್ಪ ಸೈಕಲ್ ಏರಿ ಹೋದರೆ ಅಂದಿನ ನೀರು, ಹಾಲು, ಮಗುವಿನ ಸ್ನಾನ ಯಾರ ಹೆಗಲಿಗೆ ಬೀಳುತ್ತದೆ? ಉತ್ತರ ಎಲ್ಲರಿಗೂ ಗೊತ್ತು. ಒಬ್ಬರ ಹವ್ಯಾಸ ಇನ್ನೊಬ್ಬರ ದುಡಿಮೆಯಾಗಬಾರದು. ಅಪ್ಪನಿಗೆ ಭಾನುವಾರ ಮೂರು ಗಂಟೆ ಸಿಕ್ಕರೆ ಅಮ್ಮನಿಗೂ ಇನ್ನೊಂದು ದಿನ ಮೂರು ಗಂಟೆ ಸಿಗಬೇಕು. ಓಡಲಿಕ್ಕೋ, ಓದಲಿಕ್ಕೋ, ಸುಮ್ಮನೆ ಕೂರಲಿಕ್ಕೋ, ಅದು ಅವರ ಇಷ್ಟ. ವಾರದ ಆರಂಭದಲ್ಲಿ ಎಲ್ಲರೂ ಕೂತು ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಂಡರೆ ಅರ್ಧ ಜಗಳ ಅಲ್ಲೇ ಮುಗಿಯುತ್ತದೆ. ಮಕ್ಕಳು ಸೈಕಲ್ಲಿನಲ್ಲಿ, ಅಪ್ಪ ಪಕ್ಕದಲ್ಲಿ ಓಡುತ್ತ ಹೋದರೆ ಅಭ್ಯಾಸವೂ ಆಯಿತು, ಮಾತೂ ಆಯಿತು.

ಮಕ್ಕಳಿಗೂ ಇದೇ ನಿಯಮ. ಐದರಿಂದ ಹದಿನೇಳು ವಯಸ್ಸಿನವರಿಗೆ ದಿನಕ್ಕೆ ಸರಾಸರಿ ಒಂದು ಗಂಟೆಯ ಓಟ-ಆಟ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಎಸ್ಸೆಸ್ಸೆಲ್ಸಿ ಬಂತೆಂದರೆ ಎಷ್ಟೋ ಮನೆಗಳಲ್ಲಿ ಮೊದಲು ಆಟ ನಿಲ್ಲುತ್ತದೆ, ನಂತರ ನಿದ್ರೆ. ಓದಿದ್ದು ಮಿದುಳಿನಲ್ಲಿ ನೆಲೆಗೊಳ್ಳುವುದಕ್ಕೂ ನಿದ್ರೆ ಬೇಕು ಎಂಬುದನ್ನು ಪೋಷಕರು ಮರೆಯುತ್ತಾರೆ.

ಡಿಕ್ ಹಾಯ್ಟ್ ಕೆಲಸದಲ್ಲಿದ್ದಾಗಲೂ ಕೆಲವೊಮ್ಮೆ ದಿನಕ್ಕೆ ಐದು ಗಂಟೆಯವರೆಗೆ ಅಭ್ಯಾಸ ಮಾಡುತ್ತಿದ್ದರು. ಅದನ್ನು ಎಲ್ಲರೂ ಅನುಕರಿಸಬೇಕಾಗಿಲ್ಲ, ಅನುಕರಿಸಲೂ ಆಗದು. ಅವರಿಂದ ಕಲಿಯಬೇಕಾದದ್ದು ಸಿಮೆಂಟ್ ಚೀಲದ ಪಾಠ. ತನ್ನ ಓಟಕ್ಕಾಗಿ ಮಗನ ತರಗತಿ ತಪ್ಪಿಸಲಿಲ್ಲ. ಮಗನ ತರಗತಿಯ ನೆಪ ಹೇಳಿ ತನ್ನ ಓಟವನ್ನೂ ತಪ್ಪಿಸಲಿಲ್ಲ. ಸಮಯವಿಲ್ಲ ಎನ್ನುವ ಮೊದಲು, ನಮ್ಮ ಮನೆಯಲ್ಲಿ ಇಂಥದೊಂದು ಉಪಾಯಕ್ಕೆ ಎಡೆಯಿದೆಯೇ ಎಂದು ತಂದೆ, ತಾಯಿ, ಮಕ್ಕಳು ಒಟ್ಟಿಗೆ ಕೂತು ಯೋಚಿಸಬಹುದು.