ಒಂದೇ ಬಂಡೆಯ ಮೇಲಿನ ಎರಡು ಉದ್ಯಮಗಳು

ವಾಡಿಯಿಂದ ಸಿಕಂದರಾಬಾದಿನ ಕಡೆಗೆ ಹೋಗುವ ರೈಲುದಾರಿ 1874ರಲ್ಲಿ ತೆರೆಯಿತು. ಚಿತ್ತಾಪುರ, ಸೇಡಂ ಸೀಮೆಯ ಸುಣ್ಣಕಲ್ಲಿಗೆ ಹೊರನಾಡಿನ ಪೇಟೆ ದೊರೆತುದಕ್ಕೆ ಈ ದಾರಿಯೂ ಶಹಾಬಾದವನ್ನು ಹಾದುಹೋಗುವ ಮುಂಬಯಿಯ ದಾರಿಯೂ ಕಾರಣವೆಂಬುದು ನಿರ್ವಿವಾದ. ಅದಕ್ಕೆ ಮೊದಲು ಈ ಕಲ್ಲಿಗೆ ಬೆಲೆಯಿರಲಿಲ್ಲವೆಂದಲ್ಲ; ಭೀಮಾತೀರದ ಸನ್ನತಿಯ ಸ್ತೂಪವನ್ನು ಅಲಂಕರಿಸಿದ ಶಿಲ್ಪಗಳು ಸುಣ್ಣಕಲ್ಲಿನವೇ. ಇಂದಿಗೂ ಮಹಾರಾಷ್ಟ್ರದ ಹಳೆಯ ಮನೆಗಳ ನೆಲಗಲ್ಲನ್ನು ಜನರು ‘ಶಹಾಬಾದಿ ಫರಶಿ’ ಎಂದೇ ಕರೆಯುತ್ತಾರೆ. ಊರಿನ ಹೆಸರೇ ಸರಕಿನ ಹೆಸರಾಗುವ ಭಾಗ್ಯ ಎಷ್ಟು ಊರುಗಳಿಗುಂಟು?

ಈ ಒಂದೇ ಬಂಡೆಯ ಮೇಲೆ ಇಂದು ಎರಡು ಉದ್ಯಮಗಳು ನಿಂತಿವೆ: ಹಾಸುಗಲ್ಲಿನ ಖಣಿ ಮತ್ತು ಪಾಲಿಶ್ ಅಂಗಡಿಗಳದೊಂದು, ಸಿಮೆಂಟಿನದೊಂದು. ಒಂದೇ ಧೂಳಿನಲ್ಲಿ ಬಾಳುತ್ತಿದ್ದರೂ ಒಂದರ ಮುಖವನ್ನು ಇನ್ನೊಂದು ನೋಡದೆ ಇರುವುದು ನಮ್ಮ ಇಂದಿನ ಪ್ರಸ್ತಾಪದ ವಿಷಯ.

ಹಾಸುಗಲ್ಲಿನವರ ವ್ಯವಹಾರ ಕಾಗದಪತ್ರಕ್ಕಿಂತ ಪರಿಚಯದ ಮೇಲೆ ನಡೆಯತಕ್ಕದ್ದು. ದೊಡ್ಡ ಬೇಡಿಕೆ ಬಂದು ಸರಕು ಸಾಲದಾದರೆ ನೆರೆಯವನ ಅಂಗಳದಿಂದ ಕಲ್ಲು ತರುವುದು, ಲೆಕ್ಕವನ್ನು ಹಬ್ಬದ ಹೊತ್ತಿಗೆ ಮುಗಿಸುವುದು, ಗರಗಸದ ಯಂತ್ರ ಕೆಟ್ಟರೆ ಪಕ್ಕದ ಮಿಸ್ತ್ರಿಯನ್ನು ಕೂಗಿ ಕರೆಯುವುದು, ಇವೆಲ್ಲ ಇಂಥ ಕಸುಬಿನ ಸಹಜ ರೀತಿ. ಮದುವೆಯ ಕರೆಯೋಲೆಯೂ ಸಾಲದ ಮಾತೂ ಒಂದೇ ಜಗಲಿಯ ಮೇಲೆ ನಡೆಯುತ್ತವೆ. ಬ್ಯಾಂಕು ಕೇಳುವ ಅಡವು ಇಲ್ಲದವನಿಗೆ ಈ ಜಗಲಿಯೇ ಬ್ಯಾಂಕು. ಇದನ್ನು ಹಳೆಯ ಕಾಲದ ಪದ್ಧತಿಯೆಂದು ನಗುವ ಅಧಿಕಾರಿಗಳುಂಟು. ತಿರುಪ್ಪೂರಿನ ಬನಿಯನ್ ಉದ್ಯಮವನ್ನು ಕಂಡವರು ನಗಲಾರರು. ಒಕ್ಕಲುತನದಿಂದ ಬಂದ ಗೌಂಡರ್ ಮನೆತನಗಳು ಬಂಧುತ್ವದ ಬಲದಿಂದಲೇ ಅಲ್ಲಿ ಬೆಳೆದುವು. 1990ರಲ್ಲಿ ರಫ್ತುದಾರರ ಸಂಘವನ್ನು ಕಟ್ಟಿ, ಜಗಲಿಯ ಮಾತನ್ನು ಸಭೆಯ ಮಾತಾಗಿಸಿದುವು.

ಆದರೆ ಬಂಧುತ್ವಕ್ಕೆ ಬೇಲಿಯೂ ಇರುತ್ತದೆ. ತಲೆಮಾರುಗಳಿಂದ ಉಳಿ-ಸುತ್ತಿಗೆ ಹಿಡಿದು, ಕಲ್ಲಿನ ಪದರ ಎಲ್ಲಿ ಬಿಡುತ್ತದೆಂಬುದನ್ನು ಸಪ್ಪಳದಿಂದಲೇ ತಿಳಿಯುವ ವಡ್ಡರ ಮನೆತನಗಳು ಕಸುಬಿಗೆ ಸೇರಿದವರು ಹೌದು, ಜಗಲಿಗೆ ಸೇರಿದವರಲ್ಲ. ಕಲ್ಲಿನ ಪುಡಿ ಎದೆಗೆ ಸೇರಿ ಕೆಮ್ಮು ಹಿಡಿದ ದಿನ ಅವರಿಗೆ ಯಾರ ನಂಟೂ ಒದಗುವುದಿಲ್ಲ. ಮಾಲೀಕರ ಒಗ್ಗಟ್ಟಾದರೂ ದೃಢವೇ? ಹೊಳಪಿನ ಟೈಲ್ಸು ಪೇಟೆಗೆ ಬಂದ ಮೇಲೆ ಒಬ್ಬರಿಗಿಂತ ಒಬ್ಬರು ದರ ಇಳಿಸಿ ತಮ್ಮ ಕಾಲಮೇಲೆ ತಾವೇ ಕಲ್ಲು ಹಾಕಿಕೊಂಡರು. ಗಡಿಯಾಚೆಯ ತಾಂಡೂರಿನವರೊಡನೆ ಪೈಪೋಟಿಯಂತೂ ಹೇಳತೀರದು. ತಾಂಡೂರು, ಕೊಡಂಗಲ್ಲುಗಳು 1956ರ ರಾಜ್ಯವಿಂಗಡಣೆಯವರೆಗೆ ಇದೇ ಜಿಲ್ಲೆಯ ತಾಲೂಕುಗಳಾಗಿದ್ದುವೆಂಬುದನ್ನು ಈಗ ನೆನೆಯುವವರೇ ವಿರಳ.

ಸಿಮೆಂಟಿನ ಕಥೆ ಬೇರೆ. 1936ರಲ್ಲಿ ಹತ್ತು ಕಂಪನಿಗಳು ಒಂದುಗೂಡಿ ಎ.ಸಿ.ಸಿ. ಹುಟ್ಟಿದಾಗ ಶಹಾಬಾದಿನ ಕಂಪನಿಯೂ ಅವುಗಳಲ್ಲೊಂದಾಗಿದ್ದಿತು. ಮುಂದೆ ವಾಡಿಯಲ್ಲಿ ಎ.ಸಿ.ಸಿ., ಮಳಖೇಡದಲ್ಲಿ ರಾಜಶ್ರೀ, ಸೇಡಂನಲ್ಲಿ ವಾಸವದತ್ತಾ, ಚಿತ್ತಾಪುರ ತಾಲೂಕಿನಲ್ಲಿ ಓರಿಯಂಟ್, ಚಿಂಚೋಳಿ ತಾಲೂಕಿನಲ್ಲಿ ಚೆಟ್ಟಿನಾಡ್ ಮತ್ತು ಕಲಬುರ್ಗಿ ಸಿಮೆಂಟ್ ತಲೆಯೆತ್ತಿದುವು. ನೃಪತುಂಗನು ಆಳಿದ ಮಾನ್ಯಖೇಟದ ಮಗ್ಗುಲಲ್ಲೇ ಈಗ ಚಿಮಣಿಗಳಿವೆ. ಇವುಗಳಿಂದ ನಾಡಿಗೆ ಲಾಭವಾಗಿಲ್ಲವೆಂದು ನಾವು ಹೇಳಲಾರೆವು. ಆದರೆ ಇವುಗಳ ನಂಟು ಎಲ್ಲಿದೆ? 2022ರಲ್ಲಿ ಎ.ಸಿ.ಸಿ. ಅದಾನಿ ಸಮೂಹಕ್ಕೆ ಸೇರಿತು. 2025ರಲ್ಲಿ ಓರಿಯಂಟ್ ಅದೇ ಸಮೂಹದ ಅಂಬುಜಾದ ಕೈಸೇರಿತು. ಅದೇ ವರ್ಷ ವಾಸವದತ್ತಾ ಕೇಸೋರಾಮದಿಂದ ಅಲ್ಟ್ರಾಟೆಕ್ಕಿಗೆ ಹೋಯಿತು. ಕಾನೂನಿನಂತೆ ಇವೆಲ್ಲ ಸಕ್ರಮವೇ. ಆದರೂ ಇಂಥ ನಿರ್ಣಯಗಳು ಆಗುವುದು ದೂರದ ನಗರಗಳಲ್ಲಿ. ತನ್ನ ಊರಿನ ಅತಿ ದೊಡ್ಡ ಕಾರಖಾನೆಯ ಒಡೆಯರು ಬದಲಾದರೆಂಬುದನ್ನು ಸೇಡಂನ ಲಾರಿಯ ಮಾಲೀಕನು ವರ್ತಮಾನಪತ್ರದಲ್ಲಿ ಓದಬೇಕು.

“ಸ್ಥಳೀಯರಲ್ಲಿ ನೈಪುಣ್ಯವಿಲ್ಲ” ಎಂಬ ಆಕ್ಷೇಪಣೆಯನ್ನು ನಾವು ಕೇಳುತ್ತಲೇ ಬಂದಿದ್ದೇವೆ. ನೈಪುಣ್ಯವು ಮಣ್ಣಿನಲ್ಲಿ ಬೆಳೆಯುವ ತೊಗರಿಯಲ್ಲ. ಬಲ್ಲವರ ಸಹವಾಸದಿಂದ ಬರತಕ್ಕದ್ದು. ಆ ಸಹವಾಸಕ್ಕೆ ಕಾಲೊನಿಯ ಗೋಡೆ ಅಡ್ಡವಾಗಿದೆ. 2012ರಲ್ಲಿ ಸಂಸತ್ತು ಒಪ್ಪಿದ 371ಜೆ ವಿಧಿಯು ಸರಕಾರಿ ಹುದ್ದೆಗಳಿಗೂ ವಿದ್ಯಾಸಂಸ್ಥೆಗಳಿಗೂ ಅನ್ವಯಿಸುತ್ತದಲ್ಲದೆ ಖಾಸಗಿ ಕಾರಖಾನೆಯ ಬಾಗಿಲನ್ನು ತಟ್ಟುವುದಿಲ್ಲ. ಖಾಸಗಿ ಉದ್ಯೋಗದಲ್ಲಿ ಸ್ಥಳೀಯರಿಗೆ ಮೀಸಲಾತಿ ಕೊಡುವ ಮಸೂದೆಯನ್ನು ರಾಜ್ಯದ ಸಚಿವ ಸಂಪುಟವು 2024ರ ಜುಲೈಯಲ್ಲಿ ಒಪ್ಪಿ, ಕೆಲವೇ ದಿನಗಳಲ್ಲಿ ತಡೆಹಿಡಿಯಿತು. ಕಾನೂನನ್ನೇ ಕಾದು ಕುಳಿತರೆ ಇನ್ನೊಂದು ತಲೆಮಾರು ಕಳೆದೀತು.

ಕೈಯಲ್ಲಿರುವ ಸಾಧನವೊಂದುಂಟು. 2015ರ ತಿದ್ದುಪಡಿಯ ಮೇರೆಗೆ ಗಣಿ ಗುತ್ತಿಗೆದಾರರು ರಾಜಧನದ ಮೇಲೆ, ಗುತ್ತಿಗೆಯ ಬಗೆಯನ್ನನುಸರಿಸಿ, ಅದರ ಶೇಕಡಾ 10 ಅಥವಾ 30ರಷ್ಟನ್ನು ಜಿಲ್ಲಾ ಖನಿಜ ಪ್ರತಿಷ್ಠಾನಕ್ಕೆ ಸಲ್ಲಿಸಬೇಕು. ಕುಡಿಯುವ ನೀರು, ಆರೋಗ್ಯಗಳ ಜೊತೆಗೆ ಕೌಶಲ್ಯ ಶಿಕ್ಷಣಕ್ಕೂ ಈ ಹಣ ಸಲ್ಲತಕ್ಕದ್ದು. ಇದರಿಂದ ರಸ್ತೆ-ಗಟಾರಗಳನ್ನು ಮಾತ್ರ ಕಟ್ಟಿಸದೆ, ಕಲ್ಲಿನವರನ್ನೂ ಸಿಮೆಂಟಿನವರನ್ನೂ ಒಂದು ಮೇಜಿನ ಮುಂದೆ ಕೂಡಿಸಬಾರದೇಕೆ? ಪಾಲಿಶ್ ಅಂಗಡಿಗಳ ಹಿಂದೆ ಬಿಳಿಯ ಕೆಸರು ಗುಡ್ಡೆಗಟ್ಟುತ್ತದೆ. ಮಳೆಗಾಲದಲ್ಲಿ ಹರಿದು ಹೊಲಗಳಿಗೆ ಸೇರುತ್ತದೆ. ಆ ಕೆಸರು ಸುಣ್ಣಕಲ್ಲಿನ ನುಣುಪಾದ ಪುಡಿಯಲ್ಲದೆ ಮತ್ತೇನು? ಕೆಲವೇ ಮೈಲಿಗಳಾಚೆ ಸುಣ್ಣಕಲ್ಲನ್ನು ಸಿಡಿಸಿ, ಪುಡಿಮಾಡಲು ಕೋಟಿಗಟ್ಟಲೆ ಹಣ ಸುರಿಯುತ್ತಾರೆ. ಒಬ್ಬರ ಕಸ ಇನ್ನೊಬ್ಬರ ಕಚ್ಚಾಮಾಲಾಗಬಹುದೇ ಎಂದು ಕೇಳುವಷ್ಟು ಪರಿಚಯವೂ ಈ ಎರಡು ಉದ್ಯಮಗಳ ನಡುವೆ ಬೆಳೆದಿಲ್ಲ.

ಜಿಲ್ಲಾಧಿಕಾರಿಗಳು ಚಿತ್ತಾಪುರದಲ್ಲಿ ಇಂಥ ಸಭೆಯೊಂದನ್ನು ಕರೆಯಲೆಂದು ನಾವು ಬಿನ್ನವಿಸುತ್ತೇವೆ. ಕಾರಖಾನೆಗಳಿಂದ ನಿರ್ಣಯಾಧಿಕಾರವುಳ್ಳವರು ಬರಲಿ. ವಂದನಾರ್ಪಣೆಗೆ ಬರುವ ಅಧಿಕಾರಿ ಬೇಡ. ಖಣಿಯ ಮಾಲೀಕರ ಜೊತೆಗೆ ಕಲ್ಲು ಒಡೆಯುವವರ ಪ್ರತಿನಿಧಿಗಳಿಗೂ ಕುರ್ಚಿ ಇರಲಿ. ಶಹಾಬಾದಿನ ಪಾಲಿಶ್ ಕೆಸರನ್ನು ನಾಲ್ಕಾರು ಅಂಗಡಿಗಳಿಂದ ಒಂದೊಂದು ಚೀಲ ತುಂಬಿ ವಾಡಿಯ ಪ್ರಯೋಗಶಾಲೆಗೆ ಕಳುಹಿಸುವುದು ಆ ಸಭೆಯ ಮೊದಲ ನಿರ್ಣಯವಾಗಲಿ.