ಜೆರಾಕ್ಸ್ ಲೆಕ್ಕವೆಂದರೆ ಚಿಲ್ಲರೆ ಲೆಕ್ಕವಲ್ಲ

ಮುಂಬಯಿಯ ಫೋರ್ಟ್ ಪರಿಸರದ ವಕೀಲರ, ಲೆಕ್ಕ ಪರಿಶೋಧಕರ, ತೆರಿಗೆ ಸಲಹೆಗಾರರ ಕಚೇರಿಗಳಿಗೂ ತುಳು-ಕನ್ನಡಿಗರಿಗೂ ಹಳೆಯ ನಂಟು. ಹಗಲು ಹೊಟೇಲು, ಕ್ಯಾಂಟೀನುಗಳಲ್ಲಿ ದುಡಿದು, ಸಂಜೆ ಕನ್ನಡ ರಾತ್ರಿ ಶಾಲೆಗಳಲ್ಲಿ ಕಲಿತು, ಟೈಪಿಂಗ್ ಪಾಸು ಮಾಡಿ ಆಫೀಸಿನ ಕುರ್ಚಿ ಹಿಡಿದವರು ನಮ್ಮಲ್ಲಿ ಅನೇಕರು. ಅವರಲ್ಲಿ ಕೆಲವರು, ಮುಂದೆ ಅವರ ಮಕ್ಕಳು, ಸ್ವಂತ ಕಚೇರಿ ತೆರೆದರು. ಅಂಧೇರಿ, ಘಾಟ್ಕೋಪರ್, ಥಾಣೆ, ಡೊಂಬಿವಲಿಗಳಲ್ಲಿ ಎರಡು ಮೇಜು, ಒಂದು ಪ್ರಿಂಟರ್, ಒಬ್ಬ ಸಹಾಯಕನೊಂದಿಗೆ ನಡೆಯುವ ಇಂಥ ಕಚೇರಿಗಳಿಗೆ "ನಮ್ಮವರು" ಎಂಬ ಭರವಸೆಯಿಂದಲೇ ಸಂಘದ ಸದಸ್ಯರು ಕಾಗದಪತ್ರ ಒಯ್ಯುತ್ತಾರೆ. ಆ ಭರವಸೆಗೆ ಪೆಟ್ಟು ಬೀಳುವುದು ಹೆಚ್ಚಾಗಿ ದೊಡ್ಡ ಫೀಸಿನಿಂದಲ್ಲ. ಬಿಲ್ಲಿನ ಕೊನೆಯಲ್ಲಿರುವ "ಜೆರಾಕ್ಸ್, ಪ್ರಿಂಟಿಂಗ್ ಇತ್ಯಾದಿ" ಎಂಬ ಒಂದು ಸಾಲಿನಿಂದ.

ಈ ಸಾಲಿನ ವಿಷಯದಲ್ಲಿ ನಮ್ಮಲ್ಲಿ ಎರಡು ಅಭ್ಯಾಸಗಳಿವೆ. "ಊರಿನವರಿಂದ ಜೆರಾಕ್ಸಿಗೆಲ್ಲ ದುಡ್ಡು ಕೇಳುವುದು ಹೇಗೆ" ಎಂಬ ದಾಕ್ಷಿಣ್ಯದಿಂದ ಖರ್ಚನ್ನು ತಾವೇ ನುಂಗಿಕೊಳ್ಳುವುದು ಒಂದು. ಲೆಕ್ಕವೇ ಇಡದೆ, ಕೊನೆಗೆ ಎರಡು ಸಾವಿರ, ಐದು ಸಾವಿರ ಎಂದು ದುಂಡಗಿನ ಮೊತ್ತ ಬರೆಯುವುದು ಇನ್ನೊಂದು. ಮೊದಲನೆಯದರಲ್ಲಿ ಕಚೇರಿಗೆ ನಷ್ಟ, ಎರಡನೆಯದರಲ್ಲಿ ಕಕ್ಷಿದಾರನಿಗೆ ಸಂಶಯ. ಎರಡಕ್ಕೂ ಕಾರಣ ಒಂದೇ: ಪುಟ ಎಣಿಸದಿರುವುದು.

ಎರಡು ಪುಟದ ಪಾನ್ ಅರ್ಜಿಗೆ ಈ ಮಾತು ಅನ್ವಯಿಸದಿರಬಹುದು. ಆದರೆ ಹೌಸಿಂಗ್ ಸೊಸೈಟಿಯ ಡೀಮ್ಡ್ ಕನ್ವೇಯನ್ಸ್ ಕೆಲಸವನ್ನು ನೋಡಿ. ಬಿಲ್ಡರ್ ಜಾಗವನ್ನು ಸೊಸೈಟಿಯ ಹೆಸರಿಗೆ ಮಾಡಿಕೊಡದಿದ್ದರೆ, ಸೊಸೈಟಿಯು ಸಹಕಾರ ಇಲಾಖೆಯ ಜಿಲ್ಲಾ ಉಪ ನಿಬಂಧಕರಿಗೆ ಅರ್ಜಿ ಹಾಕಬೇಕು. ಫ್ಲ್ಯಾಟ್ ಮಾಲೀಕರ ಕರಾರು, ಇಂಡೆಕ್ಸ್-2, ಜಾಗದ ದಾಖಲೆ, ನಕ್ಷೆ ಎಲ್ಲವೂ ಅದರೊಂದಿಗೆ ಹೋಗಬೇಕು. ಎದುರುದಾರರಿಗೂ ಪ್ರತಿ ಬೇಕು. ಕಡತ 400 ಪುಟದ್ದಾಗಿ, ಐದು ಸೆಟ್ ಬೇಕಾದರೆ 2,000 ಪುಟವಾಯಿತು. ಪುಟಕ್ಕೆ ಎರಡು ರೂಪಾಯಿಯಂತೆ 4,000 ರೂಪಾಯಿ. ಇಂಥ ಹತ್ತು ಕಡತಗಳ ಖರ್ಚನ್ನು ದಾಕ್ಷಿಣ್ಯದಿಂದ ಬಿಟ್ಟರೆ ಹೋಗುವುದು 40,000 ರೂಪಾಯಿ. ಸಣ್ಣ ಕಚೇರಿಗೆ ಇದು ಸಹಾಯಕನ ಸಂಬಳದ ಪ್ರಶ್ನೆ.

ತನ್ನ ಯಂತ್ರದಲ್ಲಿ ಒಂದು ಪುಟಕ್ಕೆ ಎಷ್ಟು ಬೀಳುತ್ತದೆಂದು ತಿಳಿಯುವುದು ಕಷ್ಟವೇನಲ್ಲ. ಉದಾಹರಣೆಗೆ 500 ಹಾಳೆಯ ರೀಮಿಗೆ 250 ರೂಪಾಯಿ ಎಂದಿಟ್ಟುಕೊಳ್ಳಿ, ಹಾಳೆಗೆ 50 ಪೈಸೆ. 400 ರೂಪಾಯಿಯ ಟೋನರ್ 2,000 ಪುಟ ಬಂದರೆ ಪುಟಕ್ಕೆ 20 ಪೈಸೆ. ವರ್ಷಕ್ಕೆ 60,000 ಪುಟ ತೆಗೆಯುವ ಯಂತ್ರದ ದುರಸ್ತಿ, ನಿರ್ವಹಣೆಗೆ 12,000 ರೂಪಾಯಿಯಾದರೆ ಮತ್ತೆ 20 ಪೈಸೆ. ಯಂತ್ರದ ಬೆಲೆ 30,000 ಇದ್ದು ಅದು ಮೂರು ಲಕ್ಷ ಪುಟ ಬಾಳಿದರೆ 10 ಪೈಸೆ. ಒಟ್ಟು ಒಂದು ರೂಪಾಯಿ. ಇಲ್ಲಿನ ದರಗಳ ಜಾಗದಲ್ಲಿ ತಮ್ಮ ಕಚೇರಿಯ ದರ ಹಾಕಿದರೆ ಪ್ರತಿಯೊಬ್ಬರಿಗೂ ತಮ್ಮ ಉತ್ತರ ಸಿಗುತ್ತದೆ. ಟೋನರ್ ಡಬ್ಬಿಯ ಮೇಲೆ ಬರೆದಿರುವ ಪುಟಗಳ ಸಂಖ್ಯೆ ಮಾತ್ರ ಹಾಳೆಯ ಸುಮಾರು ನೂರಕ್ಕೆ 5ರಷ್ಟು ಭಾಗ ಶಾಯಿ ಹಿಡಿಯುವ ಲೆಕ್ಕದ್ದು. ಒತ್ತೊತ್ತಾದ ಕರಾರುಪತ್ರಗಳಿಗೆ ಅಷ್ಟು ಪುಟ ಬಾರದು.

ಇದು ಬರೀ ವ್ಯಾಪಾರದ ಮಾತೂ ಅಲ್ಲ. ವಕೀಲರು ಕಕ್ಷಿದಾರನಿಂದ ಪಡೆದ ಹಣ, ಅವನಿಗಾಗಿ ಮಾಡಿದ ಖರ್ಚು, ಫೀಸಿನ ಬಾಬ್ತು ಹಿಡಿದ ಮೊತ್ತ ಇವನ್ನೆಲ್ಲ ತಾರೀಕಿನ ಸಮೇತ ಲೆಕ್ಕದಲ್ಲಿ ತೋರಿಸಬೇಕೆಂದು ಭಾರತೀಯ ವಕೀಲರ ಪರಿಷತ್ತಿನ ನಿಯಮವೇ ಹೇಳುತ್ತದೆ. ಕಕ್ಷಿದಾರ ಕೇಳಿದರೆ, ನಕಲಿನ ಖರ್ಚನ್ನು ಕೊಟ್ಟ ಮೇಲೆ, ಆ ಲೆಕ್ಕದ ಪ್ರತಿಯನ್ನು ಅವನಿಗೆ ಕೊಡಬೇಕೆಂದೂ ಅದರಲ್ಲಿದೆ. ಅಮೆರಿಕದ ವಕೀಲರ ಸಂಘವು 1993ರಲ್ಲಿ ನೀಡಿದ ಅಭಿಪ್ರಾಯದ ಪ್ರಕಾರ, ಬೇರೆ ಒಪ್ಪಂದವಿಲ್ಲದಿದ್ದರೆ ಕಚೇರಿಯೊಳಗೆ ತೆಗೆದ ಜೆರಾಕ್ಸಿಗೆ ತಗಲಿದ ಖರ್ಚನ್ನಷ್ಟೇ ಪಡೆಯಬೇಕು. ಅದರಲ್ಲಿ ಲಾಭ ಹುಡುಕಬಾರದು. ವಕೀಲನ ಸಂಪಾದನೆ ಅವನ ವಿದ್ಯೆಯಿಂದ ಬರಬೇಕೇ ಹೊರತು ಜೆರಾಕ್ಸ್ ಯಂತ್ರದಿಂದಲ್ಲ ಎಂಬುದು ಇದರ ತಾತ್ಪರ್ಯ. ನಮ್ಮ ಕೇಂದ್ರ ಸರಕಾರವೂ 2005ರ ಮಾಹಿತಿ ಹಕ್ಕು ನಿಯಮಗಳಲ್ಲಿ ನಕಲಿಗೆ ಪುಟಕ್ಕೆ 2 ರೂಪಾಯಿ ಎಂದು ದರವನ್ನು ಮೊದಲೇ ಸಾರಿತು. ಸರಕಾರಿ ಇಲಾಖೆಗೆ ಸಾಧ್ಯವಾದ ಈ ಕ್ರಮ ನಮ್ಮ ಕಚೇರಿಗಳಿಗೆ ಏಕೆ ಸಾಧ್ಯವಿಲ್ಲ?

ಲೆಕ್ಕ ಇಡಲು ದುಬಾರಿ ಸಾಫ್ಟ್‌ವೇರ್ ಬೇಕೆಂದಿಲ್ಲ. ಯಂತ್ರದ ಬಳಿ ಒಂದು ವಹಿ ಇರಲಿ. ತಾರೀಕು, ಕಡತದ ನಂಬರ್, ಪುಟಗಳ ಸಂಖ್ಯೆ, ತೆಗೆದವರ ಸಹಿ ಇಷ್ಟೇ ಅದರಲ್ಲಿರಲಿ. ಯಂತ್ರದ ಮೀಟರನ್ನು ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಬರೆದಿಟ್ಟರೆ ಎರಡರ ವ್ಯತ್ಯಾಸ ವಹಿಯ ಮೊತ್ತದೊಂದಿಗೆ ತಾಳೆಯಾಗಬೇಕು. ಹಾಳಾದ ಪುಟಗಳಿಗೆ, ಕಚೇರಿಯ ಸ್ವಂತ ಕೆಲಸಕ್ಕೆ ಪ್ರತ್ಯೇಕ ಸಾಲಿರಲಿ. ಅದು ಯಾವ ಕಕ್ಷಿದಾರನ ತಲೆಗೂ ಬೀಳಬಾರದು. ಅನೇಕ ದೊಡ್ಡ ಕಾಪಿಯರ್‌ಗಳಲ್ಲಿ ಕೋಡ್ ನಂಬರ್ ಒತ್ತಿದರೆ ಮಾತ್ರ ಪ್ರತಿ ಹೊರಬರುವ, ಕೋಡಿಗೊಂದು ಲೆಕ್ಕ ತಾನೇ ಇಡುವ ವ್ಯವಸ್ಥೆಯಿರುತ್ತದೆ. ಎಷ್ಟೋ ಕಚೇರಿಗಳು ಅದನ್ನು ತೆರೆದೇ ನೋಡಿರುವುದಿಲ್ಲ.

ತೆರಿಗೆಯ ದೃಷ್ಟಿಯಿಂದಲೂ ಒಂದು ಸೂಕ್ಷ್ಮವಿದೆ. 2017ರ ಜಿಎಸ್‌ಟಿ ನಿಯಮಗಳ 33ನೇ ನಿಯಮದಂತೆ, ಕಕ್ಷಿದಾರನ ಒಪ್ಪಿಗೆಯಿಂದ ಅವನ ಪರವಾಗಿ ಹೊರಗಿನ ಅಂಗಡಿಗೆ ಕೊಟ್ಟ ಹಣವನ್ನು ಇದ್ದಷ್ಟೇ ವಸೂಲು ಮಾಡಿ, ಬಿಲ್ಲಿನಲ್ಲಿ ಪ್ರತ್ಯೇಕವಾಗಿ ತೋರಿಸಿ, ಉಳಿದ ಷರತ್ತುಗಳನ್ನೂ ಪಾಲಿಸಿದರೆ ಅದು ತೆರಿಗೆ ಹಾಕುವ ಮೊತ್ತಕ್ಕೆ ಸೇರುವುದಿಲ್ಲ. ಸ್ವಂತ ಯಂತ್ರದಲ್ಲಿ ತೆಗೆದ ಪ್ರತಿಗೆ ಈ ವಿನಾಯಿತಿ ಹೊಂದದು. ಅದು ಸೇವೆಯದೇ ಭಾಗ. ಅಂಗಡಿಯ ರಶೀದಿಯೂ ವಹಿಯೂ ಇಲ್ಲದವರು ಈ ಎರಡನ್ನು ಬೇರ್ಪಡಿಸುವುದು ಹೇಗೆ?

"ಈಗ ಎಲ್ಲವೂ ಇ-ಫೈಲಿಂಗ್, ಇನ್ನು ಜೆರಾಕ್ಸ್ ಎಲ್ಲಿ" ಎನ್ನುವವರಿದ್ದಾರೆ. ಕಾಗದ ಕಡಿಮೆಯಾಗುತ್ತಿರುವುದು ನಿಜ. ಸುಪ್ರೀಂ ಕೋರ್ಟು ಕೂಡ 2020ರ ಎಪ್ರಿಲ್‌ನಿಂದ ಎ4 ಹಾಳೆಯ ಎರಡೂ ಬದಿ ಮುದ್ರಿಸುವ ಕ್ರಮ ತಂದಿತು. ಆದರೆ ಸ್ಕ್ಯಾನ್ ಮಾಡುವ ಮೊದಲೂ ಪ್ರಿಂಟ್ ಬೇಕಾಗುತ್ತದೆ, ಸಹಿಗೆ ಪ್ರಿಂಟ್ ಬೇಕಾಗುತ್ತದೆ. ಎರಡು ಬದಿಯ ಮುದ್ರಣದಿಂದ ಉಳಿದ ಹಣ ಕಕ್ಷಿದಾರನಿಗೆ ಮುಟ್ಟಬೇಕಾದರೂ ಎಣಿಕೆ ಬೇಕೇ ಬೇಕು.

ಇನ್ನು ಬಿಲ್ಲು ಕೊಡುವ ಬಂಧುಗಳಿಗೊಂದು ಮಾತು. ಕೆಲಸ ಒಪ್ಪಿಸುವಾಗಲೇ "ಪುಟಕ್ಕೆ ಎಷ್ಟು, ಎಷ್ಟು ಸೆಟ್ ಬೇಕಾಗಬಹುದು" ಎಂದು ಕೇಳುವುದು ಅವಮರ್ಯಾದೆಯಲ್ಲ. ಕೆಲಸ ಮುಗಿದ ಮೇಲೆ ಸಂಘದ ಸಭೆಯಲ್ಲಿ ಮೂರನೆಯವರ ಬಳಿ ಗೊಣಗುವುದು ಅದಕ್ಕಿಂತ ದೊಡ್ಡ ಅವಮರ್ಯಾದೆ. ದರ ಹೇಳಿ ಎಣಿಸಿ ಬರೆದ ಬಿಲ್ಲಿಗೆ ಚೌಕಾಸಿ ಮಾಡುವುದೂ ಸರಿಯಲ್ಲ.

ಸಂಶಯ ಬಂದಾಗ ಅದು ಮೊದಲು ಹೋಗುವುದು ಕಚೇರಿಯ ಯಜಮಾನರ ಮೇಲಲ್ಲ, ಯಂತ್ರದ ಬಳಿ ನಿಲ್ಲುವ ಹುಡುಗನ ಮೇಲೆ. ಊರಿನಿಂದ ಬಂದು ಬದ್ಲಾಪುರದಲ್ಲೋ ನಾಲಾಸೋಪಾರದಲ್ಲೋ ಬಾಡಿಗೆ ಕೋಣೆ ಹಿಡಿದು ದುಡಿಯುವ ಆ ಹುಡುಗನಿಗೆ "ಇಷ್ಟು ಕಾಗದ ಎಲ್ಲಿ ಹೋಯಿತು" ಎಂಬ ಪ್ರಶ್ನೆಗೆ ಉತ್ತರ ಕೊಡಲು ಅವನ ಮಾತು ಬಿಟ್ಟರೆ ಬೇರೆ ಆಧಾರವಿರುವುದಿಲ್ಲ. ತನ್ನದೇ ಸಹಿಯಿರುವ ಒಂದು ವಹಿ ಇದ್ದರೆ ಅವನು ಅದನ್ನು ತೆರೆದು ತೋರಿಸಬಹುದು. ಐವತ್ತು ರೂಪಾಯಿಯ ಆ ವಹಿಯನ್ನು ಕಚೇರಿಯ ಯಜಮಾನರು ನಾಳೆಯೇ ತಂದಿಡಲಿ.